ಬೀಗರ ಎಲೆ

ಬಕೆಟ್ಟು ಹಿಡಿದ ಚಿಕ್ಕಸ್ವಾಮಿ ಪಂಕ್ತಿಯ ಆ ತುದಿಯಿಂದ ಬರುತ್ತಿರುವುದನ್ನು ನಿಂಗಯ್ಯ ಎಲೆಯ ಮೇಲೆ ಬಗ್ಗಿಕೊಂಡೇ ಓರೆಗಣ್ಣಿನಲ್ಲಿ ನೋಡುತ್ತಿದ್ದ. ಬಡಿಸಲು ಊರಿನ ಹುಡುಗರು ಬೇಕಾದಷ್ಟು ಮಂದಿ ಇದ್ದರು. ಆದರೂ ಬೀಗರ ಕಡೆಯವರ ಎಲೆಗೆ ತುಂಡು ಹಾಕುವ ಕೆಲಸವನ್ನು ಚಿಕ್ಕಸ್ವಾಮಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಮಗನ ಮದುವೆ ಮಾಡಿದ ಗಂಡಸು ಹೀಗೆ ಮೆರೆಯುವುದು ಜೀವಮಾನದಲ್ಲಿ ಒಂದೆರಡು ಸಲ ಮಾತ್ರ. ಬೇಡ ಅಂದವರಿಗೆ ಎರಡು ಸೌಟು, ಸಾಕು ಅಂದವರಿಗೆ ಮೂರು ಸೌಟು ಸುರಿಯುತ್ತಾ, ಅಡ್ಡ ಹಿಡಿದ ಕೈಯ ಮೇಲೇ ಸಾರು ಚೆಲ್ಲುತ್ತಾ, ತಾನೂ ನಕ್ಕು ಬೇರೆಯವರನ್ನೂ ನಗಿಸುತ್ತಾ ಆತ ಹತ್ತಿರವಾಗುತ್ತಿದ್ದ.

ಶಾಮಿಯಾನದ ಹಳದಿ ಬಟ್ಟೆಯಿಂದ ಸೋಸಿ ಇಳಿದ ಬಿಸಿಲಿನಲ್ಲಿ ಎಲ್ಲರ ಮುಖಕ್ಕೂ ಅರಿಶಿನ ಹಚ್ಚಿದಂತಿತ್ತು. ಮನೆಯ ಹಿಂದೆ ನಾಲೆ ತುಂಬಿ ಹರಿಯುತ್ತಿತ್ತು. ಮಾತು, ನಗು, ಮುದ್ದೆ ಮುರಿಯುವ ಕೈಗಳು, ಮಸಾಲೆಯ ಬಿಸಿ ಘಮ, ಎಲ್ಲವೂ ಆ ನೀರಿನ ಸದ್ದಿನೊಳಗೆ ಅದ್ದಿ ತೆಗೆದಂತೆ ಮೆತ್ತಗೆ ನಿಂಗಯ್ಯನನ್ನು ಮುಟ್ಟುತ್ತಿದ್ದವು. ತಾನು ಇಲ್ಲಿ ಕೂತಿರುವುದು ನಿಜವೋ, ತನ್ನೂರಿನ ಹೊಂಗೆಮರದ ಕೆಳಗೆ ಮಲಗಿ ಇದನ್ನೆಲ್ಲ ಕಾಣುತ್ತಿರುವುದು ನಿಜವೋ ಎಂದು ಅವನಿಗೆ ಒಂದು ಗಳಿಗೆ ಅನುಮಾನವಾಯಿತು. ಹೆದರಿದಾಗ ಅವನಿಗೆ ಹೀಗೇ ಆಗುತ್ತಿತ್ತು.

ಹೆದರಿಕೆಗೆ ಕಾರಣ ಬಕೆಟ್ಟಿನಲ್ಲೇ ಇತ್ತು. ಬಿಂಡಿಗನವಿಲೆ ಕಡೆಯ ನಿಂಗಯ್ಯ ಹುಟ್ಟಿದಾಗಿನಿಂದ ಕುರಿಗಳ ಜೊತೆ ಬೆಳೆದವನು. ಮಗಳನ್ನು ಕೊಟ್ಟ ಮನೆಗೆ ಬೀಗರ ಊಟಕ್ಕೆಂದು ತಮ್ಮ ಮಂದೆಯ ಟಗರನ್ನೇ ಕಳಿಸುವುದು ಅವರ ವಂಶದ ಪದ್ಧತಿ. ಮೊನ್ನೆ ನಾಗಮಂಗಲದ ಛತ್ರದಲ್ಲಿ ಮಗಳು ಸಹನಳನ್ನು ಧಾರೆ ಎರೆದುಕೊಟ್ಟ ಮೇಲೆ, ಎರಡು ಕೊಬ್ಬಿದ ಟಗರುಗಳನ್ನು ಗೂಡ್ಸ್ ಆಟೋದಲ್ಲಿ ಪಾಂಡವಪುರದ ಪಕ್ಕದ ಈ ಊರಿಗೆ ಅವನೇ ಹತ್ತಿಸಿ ಕಳಿಸಿದ್ದ. ಆ ಟಗರುಗಳೇ ಈಗ ಬಕೆಟ್ಟಿನಲ್ಲಿ ಬರುತ್ತಿದ್ದವು. ಅದರ ಒಂದು ತುಂಡು ಹೊಟ್ಟೆಗೆ ಹೋದರೂ ತನ್ನ ಜೀವಕ್ಕೆ ಅಪಾಯವೆಂಬುದು ಅವನಿಗೂ ಅವನ ಹೆಂಡತಿ ಗೌರಮ್ಮನಿಗೂ ಬಿಟ್ಟರೆ ಈ ಪಂಕ್ತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಶುರುವಾದದ್ದು ಹೋದ ಮಳೆಗಾಲದಲ್ಲಿ. ಎಲ್ಲೋ ಬಾಡೂಟ ಉಂಡು ಬಂದು ಹೊಂಗೆಮರದ ನೆರಳಲ್ಲಿ ಮಲಗಿದ್ದ. ಒಳ್ಳೆ ನಿದ್ದೆ, ನಿದ್ದೆಯಲ್ಲಿ ಒಳ್ಳೆ ಕನಸು: ಅವನ ಕುರಿಗಳು ಒಂದರ ಹಿಂದೆ ಒಂದು ಕೆರೆಯ ನೀರಿನ ಮೇಲೆ ಗೊರಸು ನೆನೆಯದಂತೆ ನಡೆದುಹೋಗುತ್ತಿದ್ದವು. ಅವನೂ ಹಿಂದೆಯೇ ಹೊರಟಿದ್ದ. ಅಷ್ಟರಲ್ಲಿ ಅಂಗೈ ತುರಿಸಿ ಎಚ್ಚರವಾಯಿತು. ಸಂಜೆಯಾಗುತ್ತಿತ್ತು. ನೋಡಿದರೆ ಮೈಯೆಲ್ಲ ಕೆಂಪನೆ ದದ್ದು, ತುಟಿ ಊದಿ ಬೇರೆ ಯಾರದೋ ತುಟಿಯಂತಾಗಿತ್ತು.

ಗೌರಮ್ಮ ಮುಖ ನೋಡಿದವಳೇ ತೀರ್ಪು ಕೊಟ್ಟಳು. "ನಂಜು ಕಣ್ರೀ ಇದು. ಬೆಳಿಗ್ಗೆ ಬದ್ನೆಕಾಯಿ ಪಲ್ಯ ತಿಂದಿದ್ರಲ್ಲ, ಅದೇಯ."

ನಂಜು ಎಂದರೆ ನಮ್ಮ ಕಡೆ ಹೆಂಗಸರ ಕೋರ್ಟಿನಲ್ಲಿ ದೊಡ್ಡ ಕೇಸು. ಅದರಲ್ಲಿ ಮೊದಲು ಸಿಕ್ಕಿಬೀಳುವುದು ಯಾವಾಗಲೂ ಬಡಪಾಯಿ ಬದನೆಕಾಯಿ. ಅದು ಮನೆಯಿಂದ ಆಚೆ ಹೋಯಿತು. ಹದಿನೈದು ದಿನ ಬಿಟ್ಟು ಮತ್ತೆ ದದ್ದು ಎದ್ದಾಗ ಒಣಮೀನು ಹೋಯಿತು. ಆಮೇಲೆ ಕುಂಬಳಕಾಯಿ, ಆಮೇಲೆ ಅವರೆಕಾಳು, ಕೊನೆಗೆ ನಾಲ್ಕು ಗಂಟೆಯ ಟೀ ಜೊತೆಗಿನ ಪುರಿಯೂ ಹೋಯಿತು. ತುರಿಕೆ ಬರುತ್ತಿದ್ದುದು ಸಂಜೆ. ಹಾಗಾಗಿ ಮಧ್ಯಾಹ್ನದ ಬಾಡು ನೆನಪಿಗೇ ಬಾರದೆ, ಆ ದಿನ ತಿಂದ ಬೇರೆ ಏನಾದರೊಂದು ಅಪರಾಧಿಯಾಗುತ್ತಿತ್ತು. ಗಂಡ ದಿನದಿನಕ್ಕೆ ಸೊರಗುವುದನ್ನು ನೋಡಲಾರದೆ ಗೌರಮ್ಮ ಒಂದು ಉಪಾಯ ಮಾಡಿದಳು. ಶಕ್ತಿ ಬರಲೆಂದು ಕುರಿಯ ಕಾಲುಗಳನ್ನು ತರಿಸಿ, ಸುಟ್ಟು, ಕುಟ್ಟಿ, ಮೆಣಸು ಹಾಕಿ ಕುದಿಸಿ, ಪ್ರತಿ ವಾರ ಮಧ್ಯಾಹ್ನ ಲೋಟದ ತುಂಬ ಕಾಲು ಸೂಪು ಕುಡಿಸತೊಡಗಿದಳು. ಅವನು ಸಾಕು ಅಂದರೆ ಬಯ್ದು ಕುಡಿಸುತ್ತಿದ್ದಳು. ಅಷ್ಟು ಪ್ರೀತಿ ಅವಳಿಗೆ ಅವನ ಮೇಲೆ.

ಒಂದು ಸಂಜೆ ಅವನು ಕುರಿರೊಪ್ಪದ ಬಾಗಿಲಲ್ಲೇ ಕುಸಿದುಬಿದ್ದ. ಗಂಟಲು ಕಟ್ಟಿ ಉಸಿರು ಸೀಟಿಯಂತೆ ಬರುತ್ತಿತ್ತು. ನಾಗಮಂಗಲದ ಆಸ್ಪತ್ರೆಯಲ್ಲಿ ತೊಡೆಗೆ ಇಂಜೆಕ್ಷನ್ ಕೊಟ್ಟು ಉಳಿಸಿದರು. ಅಲ್ಲಿನ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಮಾರನೆಯ ದಿನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ನಿನ್ನೆ ಮಧ್ಯಾಹ್ನ ಏನು ಊಟ ಮಾಡಿದ್ದಿರಿ ಎಂದು ಕೇಳಿದಳು.

"ಕಾಲ್ ಸೂಪು ಕಣಮ್ಮ, ನಾನೇ ಮಾಡಿದ್ದು," ಅಂದಳು ಗೌರಮ್ಮ.

"ಅದಕ್ಕೆ ಹಿಂದಿನ ಸಲ ಹೀಗಾದಾಗ?"

"ಸಂತೆಬಾಚಳ್ಳೀಲಿ ನಮ್ ಭಾವನ ಮನೆ ಬಾಡೂಟ."

"ಅದಕ್ಕೂ ಹಿಂದೆ?"

ಗೌರಮ್ಮನ ದನಿ ಸಣ್ಣಗಾಯಿತು. "ಸೂಪೇಯ." ಆಮೇಲೆ ಅವಳು ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಮುಂದಿನದನ್ನು ಯಾರೂ ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರಮ್ಮ ನಿಂಗಯ್ಯನ ಪಂಚೆ ಸರಿಸಿ ಕಾಲು ನೋಡಿದಳು. ಉಣ್ಣೆಹುಳ ಕಚ್ಚಿ ಗಂಟಾದ ಗುರುತುಗಳು ಮೀನಖಂಡದ ತುಂಬ ಇದ್ದವು. ಕುರಿ ಮೈಯಲ್ಲಿ ಉಣ್ಣೆ ಇರುವುದು, ಅದು ಕುರಿ ಕಾಯುವವನಿಗೂ ಕಚ್ಚುವುದು, ಇದನ್ನೂ ಒಂದು ವಿಷಯವೆಂದು ಕೇಳುತ್ತಾರಲ್ಲ ಎಂದು ಅವನಿಗೆ ನಗು ಬಂತು. ಆಕೆ ನಗಲಿಲ್ಲ. ರಕ್ತವನ್ನು ಮೈಸೂರಿಗೆ ಕಳಿಸಿ, ಫಲಿತಾಂಶ ಬಂದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. "ಕೆಲವರಿಗೆ ಹಾಲು ಒಗ್ಗಲ್ಲ ಅಂತಾರಲ್ಲ, ಹೊಟ್ಟೆ ಉಬ್ಬರಿಸುತ್ತೆ, ಒಂದೆರಡು ಸಲ ಹೊರಗೆ ಹೋಗ್ತಾರೆ, ಸರಿಹೋಗುತ್ತೆ. ಅದು ಜೀರ್ಣ ಆಗದೆ ಇರೋದು, ಅಷ್ಟೇ. ನಿಮ್ಮದು ಹಾಗಲ್ಲ. ಇದು ಅಲರ್ಜಿ. ಉಣ್ಣೆ ಕಚ್ಚಿ ಕಚ್ಚಿ ನಿಮ್ಮ ಮೈ ಕುರಿಮಾಂಸವನ್ನ ಶತ್ರು ಅಂತ ತಪ್ಪು ತಿಳ್ಕೊಂಡಿದೆ. ಒಳಗೆ ಹೋದ ನಾಲ್ಕೈದು ಗಂಟೆಗೆ ಯುದ್ಧಕ್ಕೆ ನಿಲ್ಲುತ್ತೆ. ಸ್ವಲ್ಪ ತಿಂದ್ರೆ ಸ್ವಲ್ಪ, ಜಾಸ್ತಿ ತಿಂದ್ರೆ ಜಾಸ್ತಿ ಅನ್ನೋ ಲೆಕ್ಕ ಇದರಲ್ಲಿಲ್ಲ."

ಕುರಿ, ಮೇಕೆ, ಹಂದಿ ಮುಟ್ಟುವಂತಿಲ್ಲ. ಕೋಳಿ ತಿನ್ನಬಹುದು, ಮೀನು ತಿನ್ನಬಹುದು ಎಂದಳು. ತಾನು ಬಯ್ದು ಆಚೆ ಎಸೆದ ಒಣಮೀನು ನಿರಪರಾಧಿಯೆಂದು ತಿಳಿದು ಗೌರಮ್ಮ ಅಲ್ಲೇ ಅತ್ತುಬಿಟ್ಟಳು.

ಆದರೆ ಆಗಲೇ ಸಹನಳ ಮದುವೆ ಮಾತು ಮುಗಿದಿತ್ತು. ಹೆಣ್ಣಿನ ಅಪ್ಪನ ರಕ್ತದಲ್ಲೇನೋ ಇದೆಯಂತೆ, ಮೈಸೂರಿಗೆ ಕಳಿಸಿ ನೋಡಿಸಿದರಂತೆ ಎಂಬ ಮಾತು ಪಾಂಡವಪುರ ತಲುಪುವ ಹೊತ್ತಿಗೆ ಏನೇನಾಗಿರುತ್ತದೋ. ಮುಚ್ಚಿಟ್ಟು ಹೆಣ್ಣು ಕೊಟ್ಟರು ಎಂದು ಮಗಳಿಗೆ ಜೀವನಪೂರ್ತಿ ಆಡಿಕೊಂಡರೆ? ಅದಕ್ಕೆ ಗಂಡಹೆಂಡಿರು ಯಾರಿಗೂ ಹೇಳಲಿಲ್ಲ. ಸಹನಳಿಗೂ ಹೇಳಲಿಲ್ಲ. ಇವತ್ತು ಬಸ್ಸಿನಲ್ಲಿ ಬರುವಾಗ ಗೌರಮ್ಮ ಅವನಿಗೆ ಉರು ಹೊಡೆಸಿದ್ದಳು. "ಮನೆದೇವ್ರಿಗೆ ಅರಕೆ ಒತ್ತಿವ್ನಿ, ಯುಗಾದಿಗಂಟ ಬಾಡು ಮುಟ್ಟಾಕಿಲ್ಲ ಅಂತ ಯೋಳಿ. ಅಷ್ಟೇಯ. ಜಾಸ್ತಿ ಮಾತಾಡ್ಬ್ಯಾಡಿ, ನಿಮ್ಗೆ ಸುಳ್ಳು ಯೋಳಾಕೆ ಬರಾಕಿಲ್ಲ."

ಈಗ ಚಿಕ್ಕಸ್ವಾಮಿ ಎದುರಿಗೆ ಬಂದು ನಿಂತೇಬಿಟ್ಟ. ಸೌಟಿನಲ್ಲಿ ಆರಿಸಿಟ್ಟುಕೊಂಡಿದ್ದ ಮೂಳೆಯ ದೊಡ್ಡ ತುಂಡು.

"ತಕಳಿ ಬೀಗ್ರೇ. ಇದು ನಿಮ್ಗೆ ಅಂತ್ಲೇ ಮಡಗಿದ್ದು."

"ನಂದು ಅರಕೆ ಅದೆ ಬೀಗ್ರೇ," ಅಂದ ನಿಂಗಯ್ಯ. "ಯುಗಾದಿಗಂಟ ಬಾಡು ಮುಟ್ಟಾಕಿಲ್ಲ."

ಅಲ್ಲಿಗೆ ಮುಗಿಯುತ್ತಿತ್ತೇನೋ. ದೇವರ ಹೆಸರು ಬಂದರೆ ಯಾವ ಬೀಗನೂ ಒತ್ತಾಯ ಮಾಡುವುದಿಲ್ಲ. ಆದರೆ ಪಕ್ಕದ ಎಲೆಯಲ್ಲಿ ನಿಂಗಯ್ಯನ ಊರಿನವನೇ ಆದ ಮಂಚಯ್ಯ ಕೂತಿದ್ದ. ಬೀಗರ ಊಟದಲ್ಲಿ ತಮಾಷೆ ಮಾಡದಿದ್ದರೆ ಉಂಡದ್ದು ಅರಗುವುದಿಲ್ಲವೆಂದು ನಂಬಿದ ಮುದುಕ.

"ಅರಕೆಯಾ? ಇವ್ನಾ?" ಎಂದು ಮಂಚಯ್ಯ ಪಂಕ್ತಿಗೆಲ್ಲ ಕೇಳುವಂತೆ ನಕ್ಕ. "ಸ್ಯಾವಣದಾಗೆ ಬಾಡು ತಿಂದೋನು ಕಣ್ರಪ್ಪ ಇವ್ನು! ಲೇ ನಿಂಗ, ನೀನು ಕೊಟ್ಟ ಟಗ್ರನ್ನ ನೀನೇ ಒಲ್ಲೆ ಅಂತೀಯಲ್ಲ, ಟಗ್ರಿಗೇನಾರಾ ರೋಗಗೀಗ ಬಂದಿತ್ತೇನ್ಲಾ?"

ನಗು ಎದ್ದಿತು. ಎದ್ದ ನಗು ಎದ್ದಷ್ಟೇ ಬೇಗ ಇಳಿಯಿತು. ಗಂಡಿನ ಕಡೆಯವರೊಬ್ಬರು ಬಾಯಿಯ ಹತ್ತಿರ ತಂದ ತುತ್ತನ್ನು ಅಲ್ಲೇ ಹಿಡಿದುಕೊಂಡರು. ಅವರ ಪಕ್ಕದವರು ಎಲೆಯಲ್ಲಿದ್ದ ತುಂಡನ್ನು ಬೆರಳಿನಿಂದ ಮಗುಚಿ ನೋಡಿದರು. ಚಿಕ್ಕಸ್ವಾಮಿಯ ಮುಖದಲ್ಲಿ ನಗು ಹಾಗೇ ಇತ್ತು, ಆದರೆ ಅದು ಈಗ ಅವನದಾಗಿರಲಿಲ್ಲ. ನೀರಿನ ಜಗ್ಗು ಹಿಡಿದು ಬರುತ್ತಿದ್ದ ಸಹನ, ಹೊಸ ಸೀರೆಯ ನೆರಿಗೆ ಇನ್ನೂ ಕಾಲಿಗೆ ತೊಡರುತ್ತಿದ್ದ ತನ್ನ ಮಗಳು, ಅಲ್ಲೇ ನಿಂತು ಅಪ್ಪನನ್ನು ನೋಡುತ್ತಿರುವುದು ನಿಂಗಯ್ಯನಿಗೆ ಕಂಡಿತು.

"ಇಕ್ಕಿ ಬೀಗ್ರೇ," ಅಂದ ಅವನು. "ದೇವ್ರು ಕ್ಷಮಿಸ್ತಾನೆ."

ತುಂಡು ಎಲೆಗೆ ಬಿತ್ತು. ಮಾಂಸವನ್ನು ಮೂಳೆಯಿಂದ ಬಿಡಿಸಿ ಬಾಯಿಗಿಟ್ಟುಕೊಂಡು, ಅಗಿದು, ನುಂಗಿದ. ರುಚಿಯಾಗಿತ್ತು. ಅದೇ ಅವನಿಗೆ ದುಃಖವಾದದ್ದು. ತಿಂಗಳುಗಟ್ಟಲೆ ಬಿಟ್ಟಿದ್ದ ರುಚಿ ನಾಲಿಗೆಗೆ ತಾಕಿ, ಸಾಯುವುದಾದರೂ ಇದನ್ನು ತಿಂದು ಸಾಯುತ್ತಿದ್ದೇನಲ್ಲ ಎಂಬ ಹುಚ್ಚು ಸಮಾಧಾನವೂ ಬಂತು. ಪಂಕ್ತಿಯಲ್ಲಿ ಕೈಗಳು ಮತ್ತೆ ಆಡತೊಡಗಿದವು. ಅವನು ಎರಡನೆಯ ತುತ್ತಿಗೆ ಕೈ ಹಾಕಿದ.

ಆ ಕೈಯನ್ನು ಯಾರೋ ಹಿಡಿದುಕೊಂಡರು.

ಹೆಂಗಸರು ಅಡುಗೆಮನೆಯ ಕಡೆ ಎರಡನೆಯ ಪಂಕ್ತಿಗಾಗಿ ಕಾಯುತ್ತಿದ್ದರು. ಗೌರಮ್ಮ ಅಲ್ಲಿಂದ ಹೇಗೆ ಬಂದಳೋ, ಎಷ್ಟು ಎಲೆಗಳನ್ನು ದಾಟಿ ಬಂದಳೋ ಯಾರೂ ನೋಡಲಿಲ್ಲ. ಗಂಡಸರ ಪಂಕ್ತಿಯ ನಡುವೆ, ಗಂಡನಿಗೂ ಮಂಚಯ್ಯನಿಗೂ ಮಧ್ಯೆ ಚಕ್ಕಳಮಕ್ಕಳ ಹಾಕಿ ಕೂತು, ಆ ಎಲೆಯನ್ನು ತನ್ನ ಕಡೆಗೆ ಎಳೆದುಕೊಂಡಳು. ಮೂಳೆಯಲ್ಲಿ ಉಳಿದಿದ್ದನ್ನು ಕಚ್ಚಿ ಎಳೆದು ಅಗಿಯತೊಡಗಿದಳು. ಬೀಗರ ಊಟದಲ್ಲಿ ಬೀಗಿತಿ ಹೀಗೆ ಗಂಡಸರ ಸಾಲಿನಲ್ಲಿ ಕೂತು ಗಂಡನ ಎಲೆಯಲ್ಲಿ ಮೂಳೆ ಕಡಿದದ್ದನ್ನು ಆ ಊರು ಕಂಡಿರಲಿಲ್ಲ.

"ಟಗರು ಚೆಂದಾಗೇ ಅದೆ," ಅಂದಳು ಗೌರಮ್ಮ, ಬಾಯಲ್ಲಿ ತುತ್ತಿರುವಾಗಲೇ. "ರೋಗಾನೂ ಇಲ್ಲ, ಗೀಗಾನೂ ಇಲ್ಲ. ಎಲ್ರೂ ಉಣ್ಣಿ. ರೋಗ ಇರೋದು ನಮ್ಮನೆಯವ್ರಿಗೆ. ಇವ್ರಿಗೆ ಕುರಿ ಬಾಡು ಆಗಾಕಿಲ್ಲ. ತಿಂದ್ರೆ ಸಂಜೆ ಒತ್ತಿಗೆ ಗಂಟ್ಲು ಕಟ್ಕೊಂಡು ಸತ್ತೋಯ್ತಾರೆ. ಅರಕೆ ಅಂತ ಸುಳ್ಳು ಯೋಳ್ಸಿದ್ದು ನಾನು."

ಮಂಚಯ್ಯ ಕೈಯನ್ನು ಎಲೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ಚಿಕ್ಕಸ್ವಾಮಿಯ ಹೆಂಡತಿ ಪಾರ್ವತಮ್ಮ ಬಾಗಿಲಲ್ಲಿ ನಿಂತಿದ್ದವಳು, ಗೌರಮ್ಮ ಯಾವ ಮಾತಿಗೆ ಹೆದರಿದ್ದಳೋ ಅದನ್ನೇ ಕೇಳಿದಳು.

"ರಕ್ತದಾಗೆ ಬಂದದ್ದಾ ಬೀಗಿತಿ? ನಮ್ ಸಹನಂಗೂ..."

"ಉಣ್ಣೆ ಕಚ್ಚಿ ಬಂದದ್ದು ಕಣವ್ವ. ಕುರಿ ಜೊತೆ ಬಿದ್ಕೊಂಡೋರಿಗೆ ಬತ್ತದಂತೆ. ನನ್ ಮಗ್ಳು ಮಂದೆ ಹಿಂದೆ ತಿರುಗ್ದೋಳಲ್ಲ."

ಸಹನ ಜಗ್ಗನ್ನು ಕೆಳಗಿಟ್ಟಳು. ಅಪ್ಪನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, "ನಂಗೂ ಯೋಳ್ಲಿಲ್ವಲ್ಲಪ್ಪ," ಅಂದಳು. ಅಷ್ಟೇ ಅಂದದ್ದು. ನಿಂಗಯ್ಯನಿಗೆ ಅವಳ ಮುಖ ನೋಡಲಾಗಲಿಲ್ಲ.

ಚಿಕ್ಕಸ್ವಾಮಿ ಬಕೆಟ್ಟನ್ನು ನೆಲಕ್ಕೆ ಕುಕ್ಕಿದ. "ನಮ್ಮನ್ನ ಏನ್ ಅನ್ಕಂಡ್ರಿ ಬೀಗ್ರೇ ನೀವು? ಒಂದ್ ಮಾತು ಯೋಳಿದ್ರೆ ಒಂದ್ ಕೋಳಿ ಕುಯ್ತಿರ್ಲಿಲ್ವಾ ನಾನು? ನನ್ ಕೈಯಿಂದ್ಲೇ ನಿಮ್ಗೆ ಇಸ ಇಕ್ಕಿಸ್ಬುಟ್ರಲ್ಲ!"

"ನಿಮ್ ಕೈಯಿಂದ ಒಂದೇ ತುತ್ತು ಓಗಿರೋದು ಬೀಗ್ರೇ," ಅಂದಳು ಗೌರಮ್ಮ. "ನನ್ ಕೈಯಿಂದ ಎಷ್ಟು ಲೋಟ ಸೂಪು ಓಯ್ತು ಅಂತ ಆ ದೇವ್ರಿಗೇ ಗೊತ್ತು." ಅಲ್ಲಿಯವರೆಗೆ ತಡೆದಿದ್ದ ಅವಳ ಕಣ್ಣೀರು ಆಗ ಇಳಿಯಿತು. ಇಳಿಯುವ ಕಣ್ಣೀರಿನಲ್ಲೇ ಅವಳು ಗಂಡನ ಎಲೆಯನ್ನು ಪೂರ್ತಿ ಖಾಲಿ ಮಾಡಿದಳು.

ಡಾಕ್ಟರಮ್ಮನಿಗೆ ಫೋನು ಹೋಯಿತು. ಆಕೆ ಮೊದಲು ಬಯ್ದಳು, ಆಮೇಲೆ ಗೌರಮ್ಮ ಸದಾ ಸೊಂಟದ ಚೀಲದಲ್ಲಿಟ್ಟುಕೊಂಡಿರುತ್ತಿದ್ದ ಮಾತ್ರೆ ನುಂಗಿಸಲು ಹೇಳಿದಳು. ಪಾಂಡವಪುರದ ಆಸ್ಪತ್ರೆ ಪಕ್ಕದಲ್ಲೇ ಇದೆಯಲ್ಲ, ಗಾಡಿ ಸಿದ್ಧವಾಗಿಟ್ಟುಕೊಳ್ಳಿ. ಉಸಿರು, ತುಟಿ, ಗಂಟಲು ಎಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೂ ಕಾಯಬೇಡಿ, ಹೊರಟುಬಿಡಿ ಎಂದಳು. ಅಳಿಯ ದಿಲೀಪ ಕಾರನ್ನು ರಸ್ತೆಗೆ ಮುಖ ಮಾಡಿ ನಿಲ್ಲಿಸಿ, ಬಾಗಿಲು ತೆರೆದಿಟ್ಟು, ಸ್ಟೇರಿಂಗು ಹಿಡಿದು ಕೂತ. ಮದುವೆಯ ಹೂವಿನ ಒಂದು ಎಳೆ ಆ ಕಾರಿನ ಕನ್ನಡಿಗೆ ಇನ್ನೂ ಸುತ್ತಿಕೊಂಡಿತ್ತು.

ಆಮೇಲೆ ಸಂಜೆಗೆ ಕಾಯುವುದೊಂದೇ ಉಳಿಯಿತು.

ನಾಲೆಯ ಏರಿಯ ಮೇಲೆ ಮರದ ನೆರಳಿಗೆ ನಾರಿನ ಮಂಚ ಹಾಕಿ ನಿಂಗಯ್ಯನನ್ನು ಕೂರಿಸಿದರು. ಪಾರ್ವತಮ್ಮ ಮನೆಮಂದಿಗೆಂದು ಮಾಡಿದ್ದ ಉಪ್ಪುಸಾರು, ಬಿಸಿ ಮುದ್ದೆ ತಂದು, "ಇದು ಬೇರೆ ಒಲೆದು, ಬೇರೆ ಸೌಟಿಂದು," ಎಂದು ಎರಡೆರಡು ಸಲ ಹೇಳಿ ಕೊಟ್ಟಳು. ಅವನು ಉಂಡ. ಎರಡನೆಯ ಪಂಕ್ತಿ ಎದ್ದಿತು, ಮೂರನೆಯದೂ ಎದ್ದಿತು. ಉಂಡವರು ಎಲೆಅಡಿಕೆ ಹಾಕಿಕೊಂಡು ಹೊರಡಬೇಕಾದವರು. ಯಾರೂ ಹೊರಡಲಿಲ್ಲ. ಒಬ್ಬೊಬ್ಬರೇ ಏರಿಯ ಮೇಲೆ ಬಂದು, ಹುಲ್ಲಿನ ಮೇಲೆ ಟವೆಲ್ಲು ಹಾಸಿ, ಮಳೆ ಬೆಳೆ ಮಾತಾಡುತ್ತಾ ಕೂತರು. ಮಾತಿನ ಮಧ್ಯೆ ನಿಂಗಯ್ಯನ ಕಡೆ ನೋಡುವರು. ಮಂಚಯ್ಯ ಮಾತ್ರ ದೂರದಲ್ಲಿ ಒಬ್ಬನೇ ಕೂತು ಹುಲ್ಲು ಕೀಳುತ್ತಿದ್ದ.

ಮಾತ್ರೆಯ ಮಂಪರು ಏರಿತು. ಕಣ್ಣು ಮುಚ್ಚಿದರೆ ನೀರು, ತೆರೆದರೂ ನೀರು. ಕುರಿಗಳು ನಾಲೆಯ ಮೇಲೆ ನಡೆದು ಬರುತ್ತಿದ್ದವು. ಒಂದಕ್ಕೆ ಮಂಚಯ್ಯನ ಮುಖವಿತ್ತು, ಇನ್ನೊಂದರ ಹೆಗಲ ಮೇಲೆ ಚಿಕ್ಕಸ್ವಾಮಿಯ ಹೊಸ ಟವೆಲ್ಲಿತ್ತು. ಎಲ್ಲಿಗೆ ಎಂದು ಕೇಳಿದರೆ ಅವು ಉತ್ತರ ಕೊಡದೆ, ಅವನಿಗೆ ದಾರಿ ಬಿಡುವಂತೆ ಎರಡೂ ಬದಿಗೆ ಸರಿದು ನಿಂತವು. ಅವನು ಒಂದು ಕಾಲು ನೀರಿನ ಮೇಲಿಟ್ಟ. ಅಲ್ಲೇ ಗೌರಮ್ಮನ ಬಳೆಯ ಸದ್ದು ಕೇಳಿ ಹಿಂದಕ್ಕೆ ತೆಗೆದ.

ಬಿಸಿಲು ಕಬ್ಬಿನ ಗದ್ದೆಯ ತಲೆಗೆ ಇಳಿಯುವ ಹೊತ್ತಿಗೆ, ಎಡಮೊಣಕೈಯ ಹತ್ತಿರ ಒಂದು ದದ್ದು ಎದ್ದಿತು.

ಮೊದಲು ನೋಡಿದವಳು ಗೌರಮ್ಮ. ಅವಳು ಕೂಗಲಿಲ್ಲ, ಆದರೂ ಏರಿಯ ಮೇಲಿದ್ದವರೆಲ್ಲ ಎದ್ದು ನಿಂತರು. ಕಾರು ಸ್ಟಾರ್ಟಾದ ಸದ್ದು ಕೇಳಿತು. ಸಹನ ಅಪ್ಪನ ಬಾಯಿ ತೆರೆಸಿ ನೋಡಿದಳು, ಎದೆಗೆ ಕಿವಿಯಿಟ್ಟು ಉಸಿರು ಕೇಳಿದಳು, ಉಸಿರು ಸರಾಗವಾಗಿತ್ತು. ಫೋನಿನಲ್ಲಿ ಡಾಕ್ಟರಮ್ಮ ಇನ್ನೊಂದು ಮಾತ್ರೆ ಕೊಡಿಸಿ, ಅವನನ್ನು ಆಸ್ಪತ್ರೆಯ ಬಾಗಿಲಿಗೇ ಕರೆದೊಯ್ದು ಕೂರಿಸಲು ಹೇಳಿದಳು. ಹೋದರು. ಕಾರಿನ ಹಿಂದೆ ಅವರ ಊರಿನವರ ಬಸ್ಸೂ ಹೋಯಿತು, ಗಂಡಿನ ಕಡೆಯ ಬೈಕುಗಳೂ ಹೋದವು. ಬೀಗರ ಊಟಕ್ಕೆ ಬಂದವರೆಲ್ಲ ಹೊಸ ಬಟ್ಟೆಯಲ್ಲಿ ಆಸ್ಪತ್ರೆಯ ಅಂಗಳದಲ್ಲಿ ನೆರೆದದ್ದನ್ನು ನೋಡಿ, ಯಾರೋ ದೊಡ್ಡ ಮನುಷ್ಯರು ತೀರಿಕೊಂಡರೇನೋ ಎಂದು ದಾರಿಹೋಕರು ನಿಂತು ಕೇಳಿದರು.

ಅಲ್ಲಿನ ವೈದ್ಯರು ನೋಡಿದರು. ಇಂಜೆಕ್ಷನ್ ತುಂಬಿ ಪಕ್ಕಕ್ಕಿಟ್ಟುಕೊಂಡು, ಒಳಗಿನ ಮಂಚದ ಮೇಲೆ ಮಲಗಿಸಿ ಕಾದರು. ದದ್ದು ಅಲ್ಲಿಂದ ಮುಂದಕ್ಕೆ ಹೋಗಲಿಲ್ಲ. ಒಂದು ರೂಪಾಯಿಯಗಲ ಇದ್ದದ್ದು ನಿಧಾನಕ್ಕೆ ಬಣ್ಣ ಕಳೆದುಕೊಂಡು ಚರ್ಮಕ್ಕೆ ಸಮವಾಯಿತು. ಈ ಸಲ ಬಚಾವಾದಿರಿ, ಪ್ರತಿ ಸಲವೂ ಹೀಗಾಗುತ್ತದೆಂದು ನಂಬಬೇಡಿ ಎಂದು ವೈದ್ಯರು ಗದರಿದರು. ನಿಂಗಯ್ಯ ಮಂಪರಿನಲ್ಲೇ ಹೂಂಗುಟ್ಟಿದ. ಇನ್ನೂ ಸ್ವಲ್ಪ ಹೊತ್ತು ಮಲಗಿದ್ದು ಹೋಗಲಿ ಎಂದರು.

ಅವನು ನಿದ್ದೆಹೋದ. ಹೊರಗೆ ಜನ ಒಬ್ಬೊಬ್ಬರಾಗಿ ಹೊರಡತೊಡಗಿದರು. ಹೊರಡುವ ಮೊದಲು ಪ್ರತಿಯೊಬ್ಬರೂ ಒಳಗೆ ಬಂದು, ಗೌರಮ್ಮನಿಗೆ "ಬತ್ತೀವಿ ಕಣವ್ವ" ಎಂದು ಹೇಳಿ, ಮಲಗಿದವನ ಎಡಗೈಯನ್ನು ಮೆಲ್ಲಗೆ ಎತ್ತಿ, ತಿರುಗಿಸಿ ಮೊಣಕೈಯ ಹತ್ತಿರ ನೋಡಿ, ಮತ್ತೆ ಹೊದಿಕೆಯ ಮೇಲಿಡುತ್ತಿದ್ದರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ತುತ್ತು ಹಿಡಿದುಕೊಂಡಿದ್ದವರೂ ಬಂದರು, ತುಂಡು ಮಗುಚಿ ನೋಡಿದವರೂ ಬಂದರು. ಮಂಚಯ್ಯ ಬಂದು ಆ ಕೈಯನ್ನು ಬಹಳ ಹೊತ್ತು ನೋಡಿದ, ಮೂಗು ಒರೆಸಿಕೊಂಡು ಬಸ್ಸು ಹತ್ತಿದ.

ಕಡೆಗೆ ಬಂದವನು ಚಿಕ್ಕಸ್ವಾಮಿ. ಗಡಿಬಿಡಿಯಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟುಬಂದಿದ್ದ. ಎಷ್ಟು ಬಗ್ಗಿದರೂ ಅವನಿಗೆ ಸರಿಯಾಗಿ ಕಾಣಲಿಲ್ಲ. ಮಂಚದ ಅಂಚಿಗೆ ಕೂತು, ಬೀಗನ ತೋಳಿನ ಮೇಲೆ ಅಂಗೈಯಿಟ್ಟು, ಮೊಣಕೈಯಿಂದ ಮಣಿಕಟ್ಟಿನವರೆಗೆ ನಿಧಾನವಾಗಿ ಸವರಿ ನೋಡಿದ. ಹೊರಗೆ ನಿಂಗಯ್ಯ, ಗೌರಮ್ಮರಿಗಾಗಿ ಕಾಯುತ್ತಿದ್ದ ಬಸ್ಸಿನವನು ಒಂದು ಸಲ ಹಾರನ್ ಹೊಡೆದ, ಸ್ವಲ್ಪ ಬಿಟ್ಟು ಇನ್ನೊಂದು ಸಲ ಹೊಡೆದ. ಚಿಕ್ಕಸ್ವಾಮಿ ಕೈ ತೆಗೆಯಲಿಲ್ಲ.